ಎಣಿಸೋಕಾ, ಎಚ್ಚರಿಸೋಕಾ? ಆಸ್ಪತ್ರೆ ಸೋಂಕು ಹಿಡಿಯುವ ವಿಧಾನ ಆರಿಸುವ ಮುಂಚೆ

ರೋಗಿ ಅಡ್ಮಿಟ್ ಆಗಿದ್ದು ತೊಡೆಮೂಳೆ ಮುರಿದು. ಆರನೇ ದಿನ ನಡುಕ, ಚಳಿಜ್ವರ. ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಕಳಿಸಿದರೆ ಸ್ಟೆಫೈಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯಿತು. ಇದು ಮನೆಯಿಂದ ತಂದ ಸೋಂಕಲ್ಲ, ಆಸ್ಪತ್ರೆಯಲ್ಲೇ ಅಂಟಿದ್ದು. ಈ ಕಥೆಯ ಒಂದೊಂದು ತುಣುಕೂ ಕಂಪ್ಯೂಟರ್‌ನಲ್ಲಿ ಇದೆ. ಅಡ್ಮಿಟ್ ಆದ ದಿನ ಒಂದು ಕಡೆ, ಜ್ವರದ ಚಾರ್ಟ್ ಇನ್ನೊಂದು ಕಡೆ, ಕಲ್ಚರ್ ರಿಪೋರ್ಟ್ ಲ್ಯಾಬ್ ಸಾಫ್ಟ್‌ವೇರ್‌ನಲ್ಲಿ, ಆ್ಯಂಟಿಬಯಾಟಿಕ್ ಲೆಕ್ಕ ಫಾರ್ಮಸಿಯಲ್ಲಿ. ಹಾಗಿದ್ದ ಮೇಲೆ ಕಂಪ್ಯೂಟರೇ ಇದನ್ನೆಲ್ಲ ಜೋಡಿಸಿ ಹೇಳಬಹುದಲ್ವಾ?

ಹೇಳಬಹುದು. ಆದರೆ ಹಾಗೆ ಹೇಳಿಸುವ ದಾರಿಗಳು ಐದಾರು ಇವೆ, ಒಂದೊಂದೂ ಒಂದೊಂದು ಥರದ ಸುಳ್ಳು ಹೇಳುತ್ತದೆ. ಸೋಂಕು ನಿಯಂತ್ರಣ ತಂಡಗಳಿಗೆ ಡೇಟಾ ತೆಗೆದುಕೊಡುವ ಕೆಲಸದಲ್ಲಿ ಕೆಲವು ವರ್ಷ ಕಳೆದವನಾಗಿ, ಯಾವುದು ಯಾರಿಗೆ ಸರಿ ಅಂತ ಇಲ್ಲಿ ನೇರವಾಗಿ ಹೇಳುತ್ತೇನೆ. ವಿಷಯ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಆಸ್ಪತ್ರೆಗೆ ಸೇರಿದ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಉಳಿದ ದೇಶಗಳಲ್ಲಿ 15 ಮಂದಿಗೆ ಕನಿಷ್ಠ ಒಂದು ಸೋಂಕು ಆಸ್ಪತ್ರೆಯಲ್ಲೇ ತಗಲುತ್ತದೆ. ಹೀಗೆ ತಗಲಿದ ಹತ್ತು ಜನರಲ್ಲಿ ಸರಾಸರಿ ಒಬ್ಬರು ಬದುಕುವುದಿಲ್ಲ.

ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿ. ನಿಮಗೆ ಬೇಕಿರುವುದು ಎಣಿಕೆಯೋ, ಎಚ್ಚರಿಕೆಯೋ? ಹೋದ ಮೂರು ತಿಂಗಳಲ್ಲಿ ಎಷ್ಟು ಸೋಂಕು ಆಯಿತು, ಯಾವ ಐಸಿಯುನಲ್ಲಿ ಜಾಸ್ತಿ, ಕೈ ತೊಳೆಯುವ ಅಭಿಯಾನ ಮಾಡಿದ ಮೇಲೆ ಕಡಿಮೆ ಆಯಿತಾ ಅಂತ ತಿಳಿಯಬೇಕಾದರೆ ಅದು ಎಣಿಕೆ. ಇವತ್ತು ಮಧ್ಯಾಹ್ನ 14ನೇ ಹಾಸಿಗೆಯ ರೋಗಿ ನಂಜಿನ ಕಡೆ ಜಾರುತ್ತಿದ್ದಾರೆ, ಬೇಗ ನೋಡಿ ಅಂತ ಡ್ಯೂಟಿ ಡಾಕ್ಟರನ್ನು ಕರೆಯಬೇಕಾದರೆ ಅದು ಎಚ್ಚರಿಕೆ. ಎಣಿಕೆ ಒಂದು ವಾರ ತಡವಾದರೂ ನಡೆಯುತ್ತದೆ, ಆದರೆ ಪ್ರತಿ ತಿಂಗಳೂ ಒಂದೇ ಅಳತೆಗೋಲು ಇರಬೇಕು. ಎಚ್ಚರಿಕೆಗೆ ಅಳತೆಗೋಲು ಸ್ವಲ್ಪ ಹೆಚ್ಚುಕಮ್ಮಿ ಆದರೂ ಪರವಾಗಿಲ್ಲ, ಆದರೆ ಆರು ಗಂಟೆ ತಡವಾದರೆ ಅದರಿಂದ ಏನೂ ಪ್ರಯೋಜನವಿಲ್ಲ. ಎರಡಕ್ಕೂ ಒಂದೇ ಸಾಫ್ಟ್‌ವೇರ್ ಸಾಕು ಅಂತ ಯಾರಾದರೂ ಮಾರಲು ಬಂದರೆ ಅಲ್ಲೇ ಅನುಮಾನಪಡಿ.

ಕೇಸ್ ಶೀಟ್ ಓದುವ ನರ್ಸ್

ಹಳೆಯ ವಿಧಾನ ಇದು, ಇದನ್ನು ಕೀಳಾಗಿ ಕಾಣಬೇಡಿ. ಸೋಂಕು ನಿಯಂತ್ರಣ ನರ್ಸ್ ವಾರ್ಡ್‌ಗೆ ಹೋಗಿ, ಕೇಸ್ ಶೀಟ್ ಓದಿ, ಡ್ರೆಸ್ಸಿಂಗ್ ನೋಡಿ, ಸೋಂಕಿನ ವ್ಯಾಖ್ಯೆಗೆ ಹೊಂದುತ್ತದಾ ಅಂತ ತಾಳೆ ಹಾಕುತ್ತಾರೆ. ಅಮೆರಿಕದಲ್ಲಿ ನಡೆದ ಸೆನಿಕ್ ಅಧ್ಯಯನ 1985ರಲ್ಲಿ ತೋರಿಸಿದ್ದು ಇದನ್ನೇ: ಸೋಂಕಿನ ಮೇಲೆ ಗಟ್ಟಿಯಾಗಿ ಕಣ್ಣಿಟ್ಟು, ತಡೆಯುವ ಕ್ರಮವನ್ನೂ ಕೈಗೊಂಡ ಆಸ್ಪತ್ರೆಗಳಲ್ಲಿ ಸೋಂಕು ಸುಮಾರು ಶೇ 32ರಷ್ಟು ಕಡಿಮೆಯಾಗಿತ್ತು. ಆಗ ಈಗಿನ ಥರದ ರೋಗಿ ದಾಖಲೆಯ ಸಾಫ್ಟ್‌ವೇರ್ ಇರಲಿಲ್ಲ.

ನರ್ಸ್ ಕಣ್ಣಿಗೆ ಬೀಳುವ ಕೆಲವು ಸಂಗತಿಗಳು ಯಾವ ಡೇಟಾಬೇಸ್‌ಗೂ ಬೀಳುವುದಿಲ್ಲ. ಲೈನ್ (ರಕ್ತನಾಳಕ್ಕೆ ಇಳಿಸಿದ ಕೊಳವೆ) ಹಾಕಿದ ಜಾಗದ ಅಂಟು ಎದ್ದಿದೆ, ಸುತ್ತ ಕೆಂಪಾಗಿದೆ, ಮೂತ್ರದ ಚೀಲ ನೆಲಕ್ಕೆ ತಾಗಿದೆ ಅನ್ನುವಂಥವು. ತೊಂದರೆ ಇರುವುದು ಬೇರೆ ಕಡೆ. ಸಮಯ ತಿನ್ನುತ್ತದೆ, ಇಡೀ ಆಸ್ಪತ್ರೆ ಓದೋಕೆ ಒಬ್ಬರಿಂದ ಆಗುವುದಿಲ್ಲ. ಒಂದೇ ಕೇಸನ್ನು ಇಬ್ಬರು ಓದಿದರೆ ಇಬ್ಬರೂ ಬೇರೆ ಬೇರೆ ತೀರ್ಪು ಕೊಡುವುದುಂಟು. ಇನ್ನೊಂದು ವಿಚಿತ್ರ: ಯಾವ ಆಸ್ಪತ್ರೆ ಶ್ರದ್ಧೆಯಿಂದ ಹುಡುಕುತ್ತದೋ ಅದಕ್ಕೇ ಜಾಸ್ತಿ ಸೋಂಕು ಸಿಗುತ್ತದೆ, ಹುಡುಕದವರು ಅಂಕಿಅಂಶದಲ್ಲಿ ಸ್ವಚ್ಛವಾಗಿ ಕಾಣುತ್ತಾರೆ.

ಸಣ್ಣ ಆಸ್ಪತ್ರೆ, ಒಂದೇ ಐಸಿಯು, ದಾಖಲೆ ಅರ್ಧ ಕಾಗದದಲ್ಲಿ ಅರ್ಧ ಕಂಪ್ಯೂಟರ್‌ನಲ್ಲಿ ಇದ್ದರೆ ಇದೇ ಸರಿ. ಸುಮ್ನೆ ದುಡ್ಡು ಸುರಿಯಬೇಡಿ.

ಬಿಲ್ಲಿಂಗ್ ಕೋಡ್

ಡಿಸ್ಚಾರ್ಜ್ ಆದಮೇಲೆ ರೋಗಿಯ ಫೈಲಿಗೆ ಹಾಕುವ ಐಸಿಡಿ ಕೋಡ್‌ಗಳಿಂದ (ಒಂದೊಂದು ಕಾಯಿಲೆಗೆ ಒಂದೊಂದು ಗುರುತು) ಸೋಂಕು ಎಣಿಸುವುದು ಎಲ್ಲಕ್ಕಿಂತ ಅಗ್ಗ. ಡೇಟಾ ಸಿದ್ಧವಾಗಿಯೇ ಇರುತ್ತದೆ, ಡೇಟಾಬೇಸ್‌ನಿಂದ ಬೇಕಾದ್ದನ್ನು ಹೆಕ್ಕುವ ಒಂದು ಕ್ವೆರಿ ಬರೆದರೆ ಮುಗಿಯಿತು. ಆದರೆ ಆ ಕೋಡ್ ಹಾಕಿದ್ದು ಹಣ ವಸೂಲಿಗೆ, ಸೋಂಕು ಹುಡುಕೋಕಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2008ರ ಅಕ್ಟೋಬರ್‌ನಿಂದ ಕೆಲವು ಆಸ್ಪತ್ರೆ ಸೋಂಕುಗಳಿಗೆ ಹೆಚ್ಚುವರಿ ಹಣ ಕೊಡುವುದನ್ನು ನಿಲ್ಲಿಸಿತು. ಕೋಡ್ ಹಾಕಿದರೆ ದುಡ್ಡು ಬರಲ್ಲ ಅಂತಾದರೆ ಆ ಕೋಡ್ ಎಷ್ಟು ಕಡೆ ಕಾಣಿಸಿಕೊಳ್ಳುತ್ತದೆ ಅಂತ ನೀವೇ ಯೋಚಿಸಿ.

ಸೆಪ್ಸಿಸ್, ಅಂದರೆ ಸೋಂಕು ನಂಜಾಗಿ ಅಂಗಗಳೇ ಕೈಕೊಡುವ ಸ್ಥಿತಿ, ಅದರ ವಿಷಯದಲ್ಲಿ ಇದಕ್ಕೆ ಅಳತೆಯೂ ಇದೆ. 2017ರಲ್ಲಿ ಜಾಮಾ ಅನ್ನುವ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, 409 ಆಸ್ಪತ್ರೆಗಳ ಅಧ್ಯಯನದಲ್ಲಿ ಕೇಸ್ ಶೀಟ್ ಓದಿ ತಾಳೆ ನೋಡಿದಾಗ, ಸೆಪ್ಸಿಸ್ ಅಂತಲೇ ಹಾಕಿದ ಕೋಡ್‌ಗಳು ನಿಜವಾದ ಕೇಸ್‌ಗಳಲ್ಲಿ ಶೇ 32ರಷ್ಟನ್ನು ಮಾತ್ರ ಹಿಡಿದಿದ್ದವು. ರೋಗಿಯ ಕ್ಲಿನಿಕಲ್ ಡೇಟಾ ಆಧರಿಸಿದ ವಿಧಾನ ಸುಮಾರು ಶೇ 70 ಹಿಡಿದಿತ್ತು. ಸೆಪ್ಸಿಸ್ ಅಂತ ಹೇಳಿದ್ದರಲ್ಲಿ ನಿಜ ಎಷ್ಟು ಅನ್ನುವುದರಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿರಲಿಲ್ಲ. ಅಂದರೆ ಕೋಡ್ ಸುಳ್ಳು ಹೇಳುವುದು ಕಡಿಮೆ, ಬಾಯಿ ಮುಚ್ಚಿಕೊಂಡು ಕೂರುವುದು ಜಾಸ್ತಿ. ನನ್ನ ಸಲಹೆ: ಬೇಡ. ಬೇರೆ ಏನೂ ಇಲ್ಲದಿದ್ದಾಗ ಹಳೆಯ ವರ್ಷಗಳ ಅಂದಾಜಿಗೆ ಬೇಕಾದರೆ ಬಳಸಿ.

ಲ್ಯಾಬ್ ರಿಪೋರ್ಟ್ ಮತ್ತು ಅಡ್ಮಿಷನ್ ತಾರೀಖು, ಇಷ್ಟೇ

ಇದು ನನಗೆ ಇಷ್ಟವಾದ ಆರಂಭದ ಹಂತ. ಎರಡೇ ಡೇಟಾ ಬೇಕು. ರೋಗಿ ಯಾವಾಗ ಸೇರಿದರು, ಕಲ್ಚರ್‌ನಲ್ಲಿ ಏನು ಬೆಳೆಯಿತು. ಸೇರಿದ ದಿನವನ್ನು ಒಂದು ಅಂತ ಲೆಕ್ಕ ಹಾಕಿ, ನಾಲ್ಕನೇ ದಿನ ಅಥವಾ ಆಮೇಲೆ ತೆಗೆದ ರಕ್ತದಲ್ಲಿ ರೋಗಾಣು ಬೆಳೆದರೆ ಅದು ಆಸ್ಪತ್ರೆಯಲ್ಲಿ ಶುರುವಾದ ರಕ್ತದ ಸೋಂಕು. ಕ್ಲಾಸ್ಟ್ರಿಡಿಯಾಯಿಡಿಸ್ ಡಿಫಿಸಿಲ್ ಅನ್ನುವ ರೋಗಾಣುವಿನಿಂದ ಬರುವ ಭೇದಿಗೂ ಇದೇ ಥರದ ಲೆಕ್ಕ. ಡೆನ್ಮಾರ್ಕ್ 2015ರಲ್ಲಿ ಹೈಬಾ ಅನ್ನುವ ರಾಷ್ಟ್ರೀಯ ವ್ಯವಸ್ಥೆ ಶುರುಮಾಡಿದ್ದು ಇದೇ ತಳಹದಿಯ ಮೇಲೆ. ಲ್ಯಾಬ್ ಡೇಟಾ ಮತ್ತು ರೋಗಿ ನೋಂದಣಿ ಜೋಡಿಸಿ ಕಂಪ್ಯೂಟರೇ ಎಣಿಸುತ್ತದೆ, ಯಾರೂ ಫಾರ್ಮ್ ತುಂಬಬೇಕಿಲ್ಲ. ದುಡ್ಡಿಲ್ಲದ ಆಸ್ಪತ್ರೆಗಳಿಗೆ ಹೂನೆಟ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಲ್ಯಾಬ್ ಫಲಿತಾಂಶ ತುಂಬಿ, ಯಾವ ವಾರ್ಡ್‌ನಲ್ಲಿ ಯಾವ ರೋಗಾಣು ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತಿದೆ ಅಂತ ನೋಡಬಹುದು. ಒಂದೇ ವಾರ್ಡ್‌ನಲ್ಲಿ ಒಂದೇ ಥರದ ಔಷಧ ನಿರೋಧಕತೆ ಇರುವ ಕ್ಲೆಬ್ಸಿಯೆಲ್ಲಾ ರೋಗಾಣು ಹತ್ತು ದಿನದೊಳಗೆ ಮೂರು ಸಲ ಬಂದರೆ, ಬಿಡಿಬಿಡಿಯಾಗಿ ರಿಪೋರ್ಟ್ ನೋಡುವ ಡಾಕ್ಟರಿಗೆ ಅದು ಹೊಳೆಯದೇ ಹೋಗಬಹುದು. ಒಟ್ಟಿಗೆ ನೋಡುವವರಿಗೆ ತಟ್ಟನೆ ಹೊಳೆಯುತ್ತದೆ.

ಕೊರತೆಗಳೂ ಇವೆ. ಕಲ್ಚರ್ ಕಳಿಸದ ಕಡೆ ಸೋಂಕೇ ಇಲ್ಲ, ಡೇಟಾ ಮಟ್ಟಿಗೆ. ಮೊದಲು ಆ್ಯಂಟಿಬಯಾಟಿಕ್ ಕೊಟ್ಟು ಆಮೇಲೆ ರಕ್ತ ತೆಗೆದರೆ ಬಾಟಲಿಯಲ್ಲಿ ಏನೂ ಬೆಳೆಯದೇ ಹೋಗಬಹುದು. ನ್ಯುಮೋನಿಯಾ, ಆಪರೇಷನ್ ಗಾಯದ ಸೋಂಕು ಈ ಬಲೆಗೆ ಸರಿಯಾಗಿ ಬೀಳುವುದಿಲ್ಲ. ಚರ್ಮದ ಮೇಲೆ ಸದಾ ಇರುವ ಕೊಆಗ್ಯುಲೇಸ್ ನೆಗೆಟಿವ್ ಸ್ಟೆಫೈಲೊಕಾಕಸ್ ಒಂದು ಬಾಟಲಿಯಲ್ಲಿ ಬೆಳೆದ ಮಾತ್ರಕ್ಕೆ ಸೋಂಕು ಅನ್ನಬೇಡಿ, ಸೂಜಿ ಚುಚ್ಚುವಾಗ ಚರ್ಮದಿಂದ ಬಂದಿರಬಹುದು. ಅದಕ್ಕೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ನಿಯಮದಲ್ಲಿ ಇಂಥ ರೋಗಾಣುಗಳು ಬೇರೆ ಬೇರೆಯಾಗಿ ತೆಗೆದ ಎರಡು ಸ್ಯಾಂಪಲ್‌ಗಳಲ್ಲಿ ಬೆಳೆದಿರಬೇಕು. ಈ ನಿಯಮವನ್ನು ಪ್ರೋಗ್ರಾಮ್‌ನಲ್ಲಿ ಹಾಕದೆ ಬಿಟ್ಟವರು ಮೊದಲ ತಿಂಗಳೇ ಗಾಬರಿ ಬೀಳುತ್ತಾರೆ.

ಗಾಬರಿ ಅಂದ ಕೂಡಲೇ ನನ್ನದೇ ಒಂದು ನೆನಪಾಗುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಲ್ಯಾಬ್ ಎಣಿಕೆ ಶುರುಮಾಡಿದಾಗ ಸೋಮವಾರಗಳಲ್ಲಿ ಆಸ್ಪತ್ರೆ ಸೋಂಕು ಏರುತ್ತಿತ್ತು. ಪ್ರತಿ ಸೋಮವಾರ. ಶನಿವಾರ, ಭಾನುವಾರ ಸಿಬ್ಬಂದಿ ಕಡಿಮೆ, ಅದಕ್ಕೇ ಸೋಂಕು ಜಾಸ್ತಿ ಅಂತ ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಆಮೇಲೆ ನೋಡಿದರೆ ವಿಷಯ ಬೇರೆ. ಶನಿವಾರ ರಾತ್ರಿ ತೆಗೆದ ರಕ್ತದ ಬಾಟಲಿ ಆಗಲೇ ಮೆಷಿನ್ ಸೇರಿದ್ದರೂ, ಅದನ್ನು ಕಂಪ್ಯೂಟರ್‌ಗೆ ಏರಿಸುತ್ತಿದ್ದದ್ದು ಸೋಮವಾರ ಬೆಳಿಗ್ಗೆ. ನನ್ನ ಕ್ವೆರಿ ತೆಗೆದುಕೊಂಡಿದ್ದು ಆ ನೋಂದಣಿ ಸಮಯವನ್ನು. ಶುಕ್ರವಾರ ಸೇರಿದ ರೋಗಿಗೆ ಶನಿವಾರ ಎರಡನೇ ದಿನ, ಸೋಮವಾರ ನಾಲ್ಕನೇ ದಿನ. ಮನೆಯಿಂದಲೇ ಸೋಂಕು ತಂದ ರೋಗಿಗಳೆಲ್ಲ ನಮ್ಮ ಲೆಕ್ಕದಲ್ಲಿ ಆಸ್ಪತ್ರೆಯ ತಲೆಗೆ ಬಂದಿದ್ದರು. ಹಾಗಾಗಿ ಯಾವ ವಿಧಾನ ಆರಿಸಿದರೂ ಮೊದಲು ಕೇಳಿ: ಈ ಸಮಯ ಸ್ಯಾಂಪಲ್ ತೆಗೆದ ಸಮಯವೋ, ಲ್ಯಾಬ್ ಮುಟ್ಟಿದ ಸಮಯವೋ, ಟೈಪ್ ಮಾಡಿದ ಸಮಯವೋ?

ಕಂಪ್ಯೂಟರ್ ಸೋಸಿ ಕೊಡುತ್ತದೆ, ಮನುಷ್ಯ ತೀರ್ಪು ಹೇಳುತ್ತಾರೆ

ಬಹಳಷ್ಟು ದೊಡ್ಡ ಆಸ್ಪತ್ರೆಗಳಿಗೆ ನಾನು ಹೇಳುವುದು ಇದನ್ನೇ. ಅರ್ಧ ಕೆಲಸ ಕಂಪ್ಯೂಟರ್‌ಗೆ, ಅರ್ಧ ನರ್ಸ್‌ಗೆ. ಕಂಪ್ಯೂಟರ್ ಎಲ್ಲ ರೋಗಿಗಳನ್ನೂ ಜಾಲಾಡಿ, ಇವರಲ್ಲಿ ಸೋಂಕು ಇರುವ ಸಾಧ್ಯತೆಯೇ ಕಡಿಮೆ ಅಂತ ಬಹುಪಾಲು ಜನರನ್ನು ಪಕ್ಕಕ್ಕಿಡುತ್ತದೆ. ಉಳಿದವರ ಫೈಲನ್ನು ಮಾತ್ರ ಮನುಷ್ಯರು ಓದುತ್ತಾರೆ.

ಮೊಣಕಾಲು ಅಥವಾ ಸೊಂಟದ ಕೀಲು ಬದಲಿಸಿದ ಆಪರೇಷನ್ನನ್ನೇ ತೆಗೆದುಕೊಳ್ಳಿ. ಆಳವಾದ ಸೋಂಕಾಗಿದೆಯಾ ಅಂತ 90 ದಿನ ಕಣ್ಣಿಡಬೇಕು. ಸಾವಿರ ರೋಗಿಗಳ ಫೈಲನ್ನು 90 ದಿನ ತಿರುವಿ ಹಾಕುವುದು ಯಾರಿಗೆ ಸಾಧ್ಯ? ಆದರೆ ಆಳದ ಸೋಂಕಾದವರು ಡೇಟಾದಲ್ಲಿ ಗುರುತು ಬಿಟ್ಟೇ ಹೋಗುತ್ತಾರೆ: ಮತ್ತೆ ಅಡ್ಮಿಟ್ ಆಗಿರುತ್ತಾರೆ, ಮತ್ತೆ ಥಿಯೇಟರ್‌ಗೆ ಹೋಗಿರುತ್ತಾರೆ, ಕೀಲಿನಿಂದ ಕಲ್ಚರ್ ತೆಗೆದಿರುತ್ತಾರೆ, ಬಹಳ ದಿನ ಆ್ಯಂಟಿಬಯಾಟಿಕ್ ಓಡಿರುತ್ತದೆ. ಈ ನಾಲ್ಕರಲ್ಲಿ ಇಷ್ಟಾದರೂ ಇದ್ದರೆ ಫೈಲ್ ತೆಗೆ ಅಂತ ನಿಯಮ ಬರೆದರೆ ಸಾಕು. ಯುರೋಪಿನ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಓದಬೇಕಾದ ಫೈಲ್‌ಗಳು ಶೇ 90ಕ್ಕಿಂತ ಜಾಸ್ತಿ ಕಡಿಮೆಯಾಗಿ, ನಿಜವಾದ ಕೇಸ್‌ಗಳು ಬಹುತೇಕ ಎಲ್ಲವೂ ಸಿಕ್ಕಿದವು. ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ.

ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಸೋಂಕಿಗೂ ಇದೇ ದಾರಿ ಒಳ್ಳೆಯದು, ಕಾರಣ ಬೇರೆ. ಲೈನ್ ಹಾಕಿ ಎರಡು ದಿನಕ್ಕಿಂತ ಜಾಸ್ತಿ ಆಗಿದೆಯಾ, ರಕ್ತದಲ್ಲಿ ರೋಗಾಣು ಇದೆಯಾ ಅನ್ನುವುದನ್ನು ಕಂಪ್ಯೂಟರ್ ಹೇಳುತ್ತದೆ. ಆದರೆ ಆ ರೋಗಾಣು ಲೈನ್‌ನಿಂದ ಬಂತೋ, ಹೊಟ್ಟೆಯೊಳಗಿನ ಕೀವಿನಿಂದ ಬಂತೋ, ಮೂತ್ರನಾಳದಿಂದ ಏರಿತೋ ಅನ್ನುವುದು ಡಾಕ್ಟರ್ ನೋಟ್ಸ್‌ನಲ್ಲಿ, ಸ್ಕ್ಯಾನ್ ರಿಪೋರ್ಟ್‌ನ ಮೂರನೇ ಸಾಲಿನಲ್ಲಿ ಇರುತ್ತದೆ. ಅದನ್ನು ಓದಿ ತೀರ್ಮಾನಿಸಲು ಮನುಷ್ಯರೇ ಬೇಕು.

ಛೇದದ ಮೇಲೂ, ಅಂದರೆ ದರ ಲೆಕ್ಕ ಹಾಕುವಾಗ ಭಾಗಿಸುವ ಸಂಖ್ಯೆಯ ಮೇಲೂ, ಒಂದು ಕಣ್ಣಿರಲಿ. ಲೈನ್ ಸೋಂಕಿನ ದರವನ್ನು ಪ್ರತಿ 1000 ಲೈನ್ ದಿನಗಳಿಗೆ ಇಷ್ಟು ಅಂತ ಹೇಳುತ್ತಾರೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್ ದಿನ). ಲೈನ್ ಹಾಕಿದ್ದನ್ನು ಎಲ್ಲರೂ ಬರೆಯುತ್ತಾರೆ, ತೆಗೆದಿದ್ದನ್ನು ಬರೆಯೋಕೆ ಮರೆಯುತ್ತಾರೆ. ಮನೆಗೆ ಹೋಗಿ ಕಾಫಿ ಕುಡಿಯುತ್ತಾ ಕೂತ ರೋಗಿಗೆ ಇನ್ನೂ ಕುತ್ತಿಗೆಯಲ್ಲಿ ಲೈನ್ ಇದೆ ಅಂತ ಕಂಪ್ಯೂಟರ್ ದಿನ ಎಣಿಸುತ್ತಾ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಛೇದ ಊದಿದಷ್ಟೂ ದರ ಇಳಿಯುತ್ತದೆ, ಸೋಂಕು ಒಂದೂ ಕಡಿಮೆಯಾಗದೆ ಆಸ್ಪತ್ರೆ ಸುಧಾರಿಸಿದಂತೆ ಕಾಣುತ್ತದೆ. ಡಿಸ್ಚಾರ್ಜ್ ಆದ ತಕ್ಷಣ ಎಲ್ಲ ಲೈನ್‌ಗಳೂ ಮುಚ್ಚಿಹೋಗುವಂತೆ ಪ್ರೋಗ್ರಾಮ್ ಬರೆಸಿ, ವಾರಕ್ಕೊಮ್ಮೆ ಐಸಿಯುಗೆ ಹೋಗಿ ಕೈಯಾರೆ ಎಣಿಸಿ ಹೋಲಿಸಿ.

ಪೂರ್ತಿ ಸ್ವಯಂಚಾಲಿತ ನಿಯಮಗಳು

ಮನುಷ್ಯರ ತೀರ್ಪೇ ಬೇಡ, ಎಲ್ಲ ಕಡೆ ಒಂದೇ ಅಳತೆ ಇರಲಿ ಅನ್ನುವವರಿಗೆ ಇದು. ವೆಂಟಿಲೇಟರ್ ನ್ಯುಮೋನಿಯಾದ ಹಳೆಯ ವ್ಯಾಖ್ಯೆ ಎದೆಯ ಎಕ್ಸ್‌ರೇ ಮೇಲೆ ನಿಂತಿತ್ತು, ಒಂದೇ ಎಕ್ಸ್‌ರೇಯನ್ನು ಇಬ್ಬರು ಎರಡು ಥರ ಓದುತ್ತಿದ್ದರು. ಅದಕ್ಕೇ ಸಿಡಿಸಿ 2013ರಲ್ಲಿ ದಾರಿ ಬದಲಿಸಿತು. ವೆಂಟಿಲೇಟರ್ ಮೇಲೆ ಎರಡು ದಿನ ಸ್ಥಿರವಾಗಿದ್ದ ರೋಗಿಗೆ ಆಮೇಲೆ ವೆಂಟಿಲೇಟರ್ ಕೊಡುವ ಆಮ್ಲಜನಕದ ದಿನದ ಕನಿಷ್ಠ ಮಟ್ಟವನ್ನು 20 ಶೇಕಡಾ ಪಾಯಿಂಟ್, ಅಥವಾ ಪೀಪ್ ಒತ್ತಡವನ್ನು (ಉಸಿರು ಬಿಟ್ಟ ಕೊನೆಯಲ್ಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 3 ಸೆಂಟಿಮೀಟರ್ ನೀರಿನಷ್ಟು ಏರಿಸಬೇಕಾಗಿ ಬಂದು, ಆ ಏರಿಕೆ ಕನಿಷ್ಠ ಎರಡು ದಿನ ಉಳಿದರೆ ಅದೊಂದು ಘಟನೆ. ಅದರ ಜೊತೆ ಜ್ವರ ಅಥವಾ ಬಿಳಿ ರಕ್ತಕಣಗಳ ಏರುಪೇರು, ಹೊಸ ಆ್ಯಂಟಿಬಯಾಟಿಕ್ ನಾಲ್ಕು ದಿನ ಓಡಿದ್ದರೆ ಸೋಂಕಿನ ಅನುಮಾನ. ಎಲ್ಲವೂ ಸಂಖ್ಯೆ, ಕಂಪ್ಯೂಟರ್‌ಗೆ ಸಲೀಸು. ಆದರೆ ಶ್ವಾಸಕೋಶದಲ್ಲಿ ನೀರು ತುಂಬಿದರೂ, ಒಂದು ಭಾಗ ಕುಸಿದರೂ ಆಮ್ಲಜನಕ ಏರಿಸಲೇಬೇಕಲ್ಲ. ಅವೂ ಇದರಲ್ಲಿ ಎಣಿಕೆಯಾಗುತ್ತವೆ. ಒಳ್ಳೆಯ ಅಳತೆಯೇ, ಸೋಂಕಿನದೇ ಅಳತೆ ಅಂದುಕೊಳ್ಳಬೇಡಿ ಅಷ್ಟೇ.

ಸೆಪ್ಸಿಸ್‌ಗೂ ಸಿಡಿಸಿ ಇಂಥದ್ದೊಂದು ವ್ಯಾಖ್ಯೆ ಕೊಟ್ಟಿದೆ. ಬ್ಲಡ್ ಕಲ್ಚರ್ ತೆಗೆದಿರಬೇಕು, ನಾಲ್ಕು ದಿನ ಆ್ಯಂಟಿಬಯಾಟಿಕ್ ಕೊಟ್ಟಿರಬೇಕು, ಅದೇ ಸಮಯಕ್ಕೆ ಅಂಗವೊಂದು ಕೈಕೊಟ್ಟಿರಬೇಕು: ಬಿಪಿ ಎತ್ತುವ ಔಷಧ ಶುರುವಾಗಿರಬೇಕು, ಇಲ್ಲವೇ ವೆಂಟಿಲೇಟರ್ ಹಾಕಿರಬೇಕು, ಇಲ್ಲವೇ ರಕ್ತದಲ್ಲಿ ಲ್ಯಾಕ್ಟೇಟ್ 2 ಮುಟ್ಟಿರಬೇಕು, ಇಲ್ಲವೇ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ದುಪ್ಪಟ್ಟಾಗಿರಬೇಕು, ಹೀಗೆ. ನಾಲ್ಕು ದಿನ ಅನ್ನುವುದನ್ನು ಗಮನಿಸಿ. ನಾಲ್ಕು ದಿನ ಆ್ಯಂಟಿಬಯಾಟಿಕ್ ಮುಗಿಯುವವರೆಗೆ ಕಾಯುವ ನಿಯಮ ಯಾರನ್ನೂ ಎಚ್ಚರಿಸಲಾರದು. ಇದು ಎಣಿಕೆಗೆ ಹುಟ್ಟಿದ್ದು. ಹೀಗಿದ್ದರೂ ಇದನ್ನೇ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಮಾಡಿ ವಾರ್ಡ್‌ಗೆ ಹಾಕಿಸಿದವರನ್ನು ನೋಡಿದ್ದೇನೆ.

ಮೆಷಿನ್ ಲರ್ನಿಂಗ್ ಮತ್ತು ಬೇಗ ಕೂಗುವ ಅಲರ್ಟ್‌ಗಳು

ಈಗ ಎಲ್ಲರಿಗೂ ಬೇಕಿರುವುದು ಇದು: ಹಳೆಯ ಡೇಟಾದಿಂದ ಕಲಿತು ಯಾರಿಗೆ ಸೋಂಕು ಅಂತ ಊಹಿಸುವ ಕಂಪ್ಯೂಟರ್ ಮಾದರಿ. ಒಂದು ಲೆಕ್ಕ ಮಾಡೋಣ. 1000 ರೋಗಿಗಳು, ಅವರಲ್ಲಿ 20 ಜನಕ್ಕೆ ಸೋಂಕು ಇದೆ ಅಂದುಕೊಳ್ಳಿ. ನಿಮ್ಮ ಮಾದರಿ ಸೋಂಕಿದ್ದವರಲ್ಲಿ ಶೇ 90 ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 90 ಜನರನ್ನು ಸರಿಯಾಗಿ ಬಿಡುತ್ತದೆ. ಕೇಳೋಕೆ ಭರ್ಜರಿಯಾಗಿದೆ ಅಲ್ವಾ? ಹಿಡಿದಿದ್ದು 18 ಜನ. ಸೋಂಕಿಲ್ಲದ 980ರಲ್ಲಿ ಶೇ 10 ಅಂದರೆ 98 ಸುಳ್ಳು ಕೂಗು. ಒಟ್ಟು 116 ಅಲರ್ಟ್, ಆರಕ್ಕೆ ಒಂದು ನಿಜ. ತೋಳ ಬಂತು ತೋಳ ಅಂತ ಐದು ಸಲ ಸುಳ್ಳೇ ಕೂಗಿದ ಫೋನನ್ನು ಆರನೇ ಸಲ ಯಾರು ಎತ್ತುತ್ತಾರೆ?

ನಿಜ ಜೀವನದಲ್ಲಿ ಇದಕ್ಕಿಂತ ಕೆಟ್ಟದ್ದೂ ಆಗಿದೆ. ರೋಗಿ ದಾಖಲೆಯ ಸಾಫ್ಟ್‌ವೇರ್ ಮಾಡುವ ಅಮೆರಿಕದ ಎಪಿಕ್ ಕಂಪನಿಯ ಸೆಪ್ಸಿಸ್ ಮಾದರಿಯನ್ನು ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹೊರಗಿನಿಂದ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 38,455 ದಾಖಲಾತಿಗಳನ್ನು ನೋಡಿದ್ದರು. ಒಟ್ಟು ದಾಖಲಾತಿಗಳಲ್ಲಿ ಶೇ 18ಕ್ಕೆ ಅಲರ್ಟ್ ಹೋಗಿತ್ತು, ಆದರೂ ಸೆಪ್ಸಿಸ್ ಆದವರಲ್ಲಿ ಶೇ 67 ಜನ ತಪ್ಪಿಹೋಗಿದ್ದರು. ಕಂಪನಿ ಆಮೇಲೆ ಮಾದರಿಯನ್ನು ಪರಿಷ್ಕರಿಸಿತು. ನೀವು ಕಲಿಯಬೇಕಾದ್ದು ಇಷ್ಟು: ಇನ್ನೊಂದು ಆಸ್ಪತ್ರೆಯ ಡೇಟಾದಲ್ಲಿ ಚೆನ್ನಾಗಿ ಓಡಿದ್ದು ನಿಮ್ಮಲ್ಲೂ ಓಡುತ್ತದೆ ಅಂತ ಖಾತ್ರಿಯಿಲ್ಲ.

ಇನ್ನೊಂದು ಮೋಸವಿದೆ, ಇದನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ಮಾದರಿಗೆ ಕೊಡುವ ಡೇಟಾದಲ್ಲಿ ಡಾಕ್ಟರ್ ಬ್ಲಡ್ ಕಲ್ಚರ್ ಆರ್ಡರ್ ಮಾಡಿದ್ದು, ಆ್ಯಂಟಿಬಯಾಟಿಕ್ ಬರೆದಿದ್ದು ಸೇರಿದ್ದರೆ, ಮಾದರಿ ಹಿಡಿದಿದ್ದು ಸೋಂಕನ್ನಲ್ಲ, ಡಾಕ್ಟರಿಗೆ ಬಂದ ಅನುಮಾನವನ್ನು. ಡಾಕ್ಟರಿಗೆ ಗೊತ್ತಾದ ಮೇಲೆ ಅವರಿಗೇ ಹೇಳುವುದಕ್ಕೆ ಅಷ್ಟೊಂದು ದುಡ್ಡು ಯಾಕೆ?

ಹಾಗಂತ ಈ ದಾರಿಯೇ ಬೇಡ ಅನ್ನುತ್ತಿಲ್ಲ. ನಾಡಿ, ಉಸಿರು, ಬಿಪಿ ಪ್ರತಿ ಗಂಟೆ ಕಂಪ್ಯೂಟರ್‌ಗೆ ತಾನಾಗಿ ಬೀಳುವ ಐಸಿಯು ಇದ್ದು, ಅಲರ್ಟ್ ಬಂದಾಗ ಹೋಗಿ ನೋಡುವ ತಂಡವೊಂದು ಇದ್ದರೆ ಪ್ರಯತ್ನಿಸಿ. ಮೊದಲ ಮೂರು ತಿಂಗಳು ಅಲರ್ಟ್ ಯಾರಿಗೂ ಹೋಗದೆ ಹಿಂದೆ ಸದ್ದಿಲ್ಲದೆ ಓಡಲಿ. ದಿನಕ್ಕೆ ಎಷ್ಟು ಸಲ ಕೂಗುತ್ತಿತ್ತು, ಡಾಕ್ಟರ್ ಆ್ಯಂಟಿಬಯಾಟಿಕ್ ಬರೆಯುವುದಕ್ಕಿಂತ ಎಷ್ಟು ಗಂಟೆ ಮುಂಚೆ ಕೂಗುತ್ತಿತ್ತು ಅಂತ ನೋಡಿ. ಮುಂಚೆ ಕೂಗದಿದ್ದರೆ ವಾಪಸ್ ಕಳಿಸಿ.

ಹಾಗಾದರೆ ಯಾರಿಗೆ ಯಾವುದು

ಲ್ಯಾಬ್ ರಿಪೋರ್ಟ್ ಕಾಗದದಲ್ಲಿದ್ದರೆ ಮೊದಲು ಲ್ಯಾಬನ್ನು ಕಂಪ್ಯೂಟರ್‌ಗೆ ತನ್ನಿ, ಅಲ್ಲಿಯವರೆಗೆ ನರ್ಸ್ ರೌಂಡ್ಸ್. ಲ್ಯಾಬ್ ಮತ್ತು ಅಡ್ಮಿಷನ್ ಎರಡೂ ಕಂಪ್ಯೂಟರ್‌ನಲ್ಲಿದ್ದು ಒಂದೇ ರೋಗಿ ನಂಬರ್ ಬಳಸುತ್ತಿದ್ದರೆ ನಾಳೆಯೇ ರಕ್ತದ ಸೋಂಕಿನ ಎಣಿಕೆ ಶುರುಮಾಡಬಹುದು, ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಔಷಧ ಕೊಟ್ಟ ದಾಖಲೆ, ಥಿಯೇಟರ್ ದಾಖಲೆ ಸಿಗುವಂತಿದ್ದರೆ ಕಂಪ್ಯೂಟರ್ ಸೋಸಿ ಮನುಷ್ಯ ಓದುವ ದಾರಿ ಹಿಡಿಯಿರಿ. ಹಲವು ಆಸ್ಪತ್ರೆಗಳನ್ನು ಹೋಲಿಸಬೇಕಾದವರಿಗೆ ಮಾತ್ರ ಪೂರ್ತಿ ಸ್ವಯಂಚಾಲಿತ. ಅದರಲ್ಲೂ ಎಲ್ಲರೂ ಒಂದೇ ರೀತಿ ಕಲ್ಚರ್ ಕಳಿಸುತ್ತಾರಾ ಅಂತ ನೋಡಿ. ನೂರು ರೋಗಿಗೆ ನಲವತ್ತು ಕಲ್ಚರ್ ಕಳಿಸುವವರನ್ನೂ ನಾಲ್ಕು ಕಳಿಸುವವರನ್ನೂ ಒಂದೇ ಪಟ್ಟಿಯಲ್ಲಿ ಇಟ್ಟರೆ ಜಾಸ್ತಿ ಕಳಿಸಿದವರಿಗೆ ಅನ್ಯಾಯ.

ಯಾವುದನ್ನು ಆರಿಸಿದರೂ, ಕೊಳ್ಳುವ ಮುಂಚೆ ನಿಮ್ಮ ನರ್ಸ್ ಕೈಯಾರೆ ಹಿಡಿದ ಹೋದ ವರ್ಷದ ಸೋಂಕುಗಳ ಪಟ್ಟಿಯನ್ನು ಬೇರೆ ಇಟ್ಟುಕೊಂಡು, ಬರೀ ಡೇಟಾ ಕೊಟ್ಟು ಓಡಿಸಿ ನೋಡಿ. ಸುಳ್ಳು ಅಲರ್ಟ್ ಎಷ್ಟು ಅಂತ ಎಲ್ಲರೂ ನೋಡುತ್ತಾರೆ. ನೀವು ತಪ್ಪಿಹೋದವುಗಳ ಫೈಲ್ ತೆಗೆಸಿ, ಒಂದೊಂದನ್ನೂ ಕೂತು ಓದಿ. ಜೊತೆಗೆ ಸೋಂಕಿಲ್ಲ ಅಂತ ಕಂಪ್ಯೂಟರ್ ಪಕ್ಕಕ್ಕಿಟ್ಟ ರಾಶಿಯಿಂದಲೂ ಕಣ್ಣುಮುಚ್ಚಿ ಐವತ್ತು ಫೈಲ್ ಎಳೆದು ಓದಿ, ಏಕೆಂದರೆ ನರ್ಸ್ ಕಣ್ಣಿಗೂ ಬೀಳದೆ ಹೋದ ಸೋಂಕು ಇರುವುದು ಅಲ್ಲೇ. ಎಚ್ಚರಿಕೆಯ ವ್ಯವಸ್ಥೆ ಆದರೆ ಇನ್ನೂ ಒಂದು ಬಾಕಿ ಇದೆ. ಭಾನುವಾರ ರಾತ್ರಿ ಎರಡು ಗಂಟೆಗೆ ಅಲರ್ಟ್ ಯಾರ ಫೋನಿಗೆ ಹೋಗುತ್ತದೆ ಅಂತ ಕೇಳಿ, ಒಬ್ಬರ ಹೆಸರು ಹೇಳುವವರೆಗೆ ಸಹಿ ಹಾಕಬೇಡಿ.